ಸಲಾಲಾದಲ್ಲಿ ಮಂಜು ಅಳೆದ ವರ್ಷ

ಕಳೆದ ಜುಲೈನಲ್ಲಿ ಸಲಾಲಾ ವಿಮಾನ ನಿಲ್ದಾಣದ ಗಾಜಿನ ಬಾಗಿಲು ಸರಿದಾಗ ಮೊದಲು ಎದುರಾದದ್ದು ವಾಸನೆ. ಒದ್ದೆ ಮಣ್ಣು, ಒಂಟೆಯ ಮೈ, ರಸ್ತೆ ಬದಿಯ ಕೆಂಡದಲ್ಲಿ ಸುಡುವ ಮಾಂಸದ ಹೊಗೆ, ಇವೆಲ್ಲದರ ಹಿಂದೆ ಸಮುದ್ರದ ಉಪ್ಪು. ಹನಿ ಬೀಳುತ್ತಿತ್ತು ಎನ್ನುವಂತಿಲ್ಲ, ಗಾಳಿಯೇ ಒದ್ದೆಯಾಗಿತ್ತು. ಜರ್ಮನಿಯಿಂದ ನನ್ನ ಜೊತೆ ಬಂದಿದ್ದ ಸಂಶೋಧನಾ ವಿದ್ಯಾರ್ಥಿನಿ ಕೈಚಾಚಿ ನಿಂತು, ಇದನ್ನು ಮಳೆ ಎನ್ನಬೇಕೋ ಮಂಜು ಎನ್ನಬೇಕೋ ಎಂದು ಕೇಳಿದಳು. ನಾನು ಅಲ್ಲೇ ಸಾಮಾನಿನ ಗಾಡಿಗೆ ಒರಗಿ ನಿಂತುಬಿಟ್ಟೆ. ಕೆಲವು ವರ್ಷಗಳ ಕೆಳಗೆ ಅದೇ ಪ್ರಶ್ನೆಯ ಹಿಂದೆ ಬಿದ್ದು ಒಂದು ಇಡೀ ಖರೀಫ್ ಕಳೆದವಳು ನಾನು. ಸಲಾಲಾದ ಆ ಮಂಜುಮಳೆಯ ಕಾಲಕ್ಕೆ ಅಲ್ಲಿಯವರು ಖರೀಫ್ ಎನ್ನುತ್ತಾರೆ. ಒಮಾನಿನ ಉಳಿದ ಊರುಗಳೆಲ್ಲ ಬೆಂಕಿಯ ಹಾಗೆ ಕಾಯುವಾಗ ಆ ಒಂದು ಮೂಲೆಯಲ್ಲಿ ಗುಡ್ಡಗಳು ಹಸಿರಾಗುತ್ತವೆ.

ಆಗ ನಾನು ಅಲ್ಲಿಯ ಇಂಡಿಯನ್ ಸ್ಕೂಲಿನಲ್ಲಿ ಜೀವಶಾಸ್ತ್ರದ ಟೀಚರ್. ಗಂಡ ಪ್ರವೀಣ ಕಂಟೇನರ್ ಬಂದರಿನ ಆಫೀಸಿನಲ್ಲಿ, ಯಾವ ಹಡಗಿನ ಯಾವ ಪೆಟ್ಟಿಗೆ ಎಲ್ಲಿಳಿಯಬೇಕು ಎಂದು ಗೊತ್ತುಮಾಡುವ ಕೆಲಸದಲ್ಲಿದ್ದ. ನಾನು ಮಂಗಳೂರಿನಲ್ಲಿ ಪಿಎಚ್.ಡಿ. ಮಾಡಿದವಳು. ನದೀಮುಖದ ಕಾಂಡ್ಲಾ ಗಿಡಗಳು ಉಪ್ಪುನೀರು ಕುಡಿದೂ ಹೇಗೆ ಬದುಕುತ್ತವೆ ಎನ್ನುವುದು ನನ್ನ ವಿಷಯ. ಡಿಗ್ರಿ ಕೈಗೆ ಬಂದ ವರ್ಷವೇ ಮಗಳು ನಿಧಿಯನ್ನು ಎತ್ತಿಕೊಂಡು ಪ್ರವೀಣನ ಹಿಂದೆ ಸಲಾಲಾಕ್ಕೆ ಬಂದಿದ್ದೆ. ಒಂದೆರಡು ವರ್ಷ ಅಂದುಕೊಂಡದ್ದು ಎಂಟಾಯಿತು. ಪಾಠ ಮಾಡುವುದು ನನಗೆ ಬೇಸರವೇನಲ್ಲ. ಆದರೆ ಪ್ರತಿ ವರ್ಷ ಕಾಂಡದೊಳಗೆ ನೀರು ಮೇಲೇರುವ ಚಿತ್ರವನ್ನು ಬೋರ್ಡಿನ ಮೇಲೆ ಬಿಡಿಸುವಾಗ, ಒಂದು ಕಾಲದಲ್ಲಿ ಇದನ್ನು ನಾನೇ ಕತ್ತಿಯಲ್ಲಿ ಸೀಳಿ ನೋಡುತ್ತಿದ್ದೆನಲ್ಲ ಎಂದು ಬೆರಳು ತುಸು ನಿಲ್ಲುತ್ತಿತ್ತು.

ಆ ವರ್ಷದ ಆರಂಭದಿಂದ ನಾನು ಜರ್ಮನಿಯ ಸಂಶೋಧನಾ ಸಂಸ್ಥೆಗಳಿಗೆ ಅರ್ಜಿ ಹಾಕುತ್ತಿದ್ದೆ. ಜರ್ಮನಿಯೇ ಯಾಕೆಂದರೆ, ಅಲ್ಲಿಯ ಸಂಸ್ಥೆಗಳು ಖಾಲಿ ಇರುವ ಹುದ್ದೆಗಳನ್ನು ತಮ್ಮ ತಮ್ಮ ವೆಬ್‌ಸೈಟಿನಲ್ಲಿ ಬಿಚ್ಚಿಟ್ಟು ಹೇಳುತ್ತವೆ. ಯಾವ ಯೋಜನೆ, ಎಷ್ಟು ವರ್ಷ, ಯಾರ ಕೈಕೆಳಗೆ, ಎಲ್ಲವೂ ಇರುತ್ತದೆ. ಲ್ಯಾಬಿನಲ್ಲಿ ಇಂಗ್ಲಿಷ್ ಸಾಕು. ಯಾರ ಪರಿಚಯವೂ ಬೇಡ ಎಂದು ನಾನು ನಂಬಿದ್ದೆ. ಸಂಜೆ ಅಡುಗೆ ಮುಗಿಸಿ ಕೂತು, ಒಂದೇ ಪತ್ರದಲ್ಲಿ ಸಂಸ್ಥೆಯ ಹೆಸರು ಮಾತ್ರ ಬದಲಿಸಿ ಕಳಿಸುತ್ತಿದ್ದೆ. ಉತ್ತರಗಳು ಬರುತ್ತಿದ್ದವು, ಅದರಲ್ಲಿ ಮೋಸವಿಲ್ಲ. ನಿಮ್ಮ ಆಸಕ್ತಿಗೆ ಧನ್ಯವಾದ, ವಿಷಾದವಿದೆ, ಮುಂದಿನ ದಾರಿ ಶುಭವಾಗಲಿ. ಪ್ರವೀಣನಿಗೆ ಆ ಒಕ್ಕಣೆ ಬಾಯಿಪಾಠವಾಗಿತ್ತು. ನಿಧಿ ಮಾತ್ರ ನನ್ನ ಹೆಗಲ ಮೇಲಿಂದ ಇಣುಕಿ, "ಅಟ್‌ಲೀಸ್ಟ್ ದೇ ಆರ್ ಪೊಲೈಟ್, ಅಮ್ಮ," ಎನ್ನುತ್ತಿದ್ದಳು.

ನಮ್ಮ ಎದುರು ಮನೆಯಲ್ಲಿ ಜೆಸಿಂತಾ ಇದ್ದಳು. ಶಿರ್ವದ ಕಡೆಯ ಕೊಂಕಣಿ ಕ್ರಿಶ್ಚಿಯನ್, ಆಸ್ಪತ್ರೆಯಲ್ಲಿ ನರ್ಸ್. ಅವಳೂ ಜರ್ಮನಿಗೆ ಹೊರಟವಳೇ. ಆನ್‌ಲೈನಿನಲ್ಲಿ ಜರ್ಮನ್ ಕಲಿತು ಪರೀಕ್ಷೆ ಪಾಸು ಮಾಡಿದ್ದಳು. ಅವಳನ್ನು ಅಲ್ಲಿಯ ಆಸ್ಪತ್ರೆಗಳು ತಾವಾಗಿ ಕರೆಯುತ್ತಿದ್ದವು, ನನ್ನನ್ನು ಯಾರೂ ಕರೆಯುತ್ತಿರಲಿಲ್ಲ. ಈ ವಿಷಯದಲ್ಲಿ ನಾವಿಬ್ಬರೂ ಸಾಕಷ್ಟು ನಕ್ಕಿದ್ದೆವು. ಒಂದು ದಿನ ನಾನು ನನ್ನ ಪತ್ರವನ್ನು ಅವಳಿಗೆ ಓದಲು ಕೊಟ್ಟೆ. ಅವಳು ಚಹಾ ಆರುವವರೆಗೆ ಓದಿ ಲ್ಯಾಪ್‌ಟಾಪನ್ನು ಮೆಲ್ಲಗೆ ನನ್ನ ಕಡೆ ತಿರುಗಿಸಿದಳು.

"ಇದ್ರಲ್ಲಿ ನೀನು ಹಿಂದೆ ಎಂತ ಮಾಡಿದ್ದಿ ಅಂತ ಉಂಟು, ಮುಂದೆ ಎಂತ ಬೇಕು ಅಂತ ಉಂಟು. ಈಗ ಎಂತ ಮಾಡ್ತಾ ಇದ್ದಿ ಅಂತ ಇಲ್ಲ ಮಾರಾಯ್ತಿ. ನನ್ನ ಇಂಟರ್‌ವ್ಯೂನಲ್ಲಿ ಅವರು ಮಾರ್ಕ್ಸ್ ಕೇಳ್ಲಿಲ್ಲ. ಊಟ ಬೇಡ ಅಂತ ಮುಖ ತಿರುಗಿಸುವ ರೋಗಿಗೆ ಎಂತ ಮಾಡ್ತಿ ಅಂತ ಕೇಳಿದ್ರು."

ನನಗೆ ಸಿಟ್ಟು ಬಂತು. ಈಗ ಏನು ಮಾಡಲಿ, ಲ್ಯಾಬ್ ಇಲ್ಲ, ಯಂತ್ರವಿಲ್ಲ, ಇರುವುದು ಮಕ್ಕಳ ಉತ್ತರ ಪತ್ರಿಕೆ ಎಂದೆ. ಅವಳು ಆರಿದ ಚಹಾ ಕುಡಿದು ಡ್ಯೂಟಿಗೆ ಹೋದಳು. ಅವಳ ಮಾತು ಮಾತ್ರ ನಮ್ಮ ಮನೆಯಲ್ಲೇ ಉಳಿಯಿತು.

ಜೂನಿನಲ್ಲಿ ಶಾಲೆಗೆ ರಜೆ ಬಂತು. ನಾವು ಕುಂದಾಪುರಕ್ಕೆ ಹೋಗುವುದೆಂದು ಗೊತ್ತಾಗಿತ್ತು, ಮೈದುನನ ಹೊಸ ಮನೆಯ ಒಕ್ಕಲು, ಅಂದರೆ ಗೃಹಪ್ರವೇಶವಿತ್ತು. ಹೊರಡುವ ಮುಂಚಿನ ಶುಕ್ರವಾರ ಖರೀಫಿನ ಮೊದಲ ಮಂಜು ಇಳಿದಿದೆ ಎಂದು ಸುದ್ದಿ ಬಂದು, ಊರಿಗೆ ಊರೇ ಹೊರಟ ಹಾಗೆ ನಾವೂ ಗುಡ್ಡದ ಕಡೆ ಹೊರಟೆವು. ಚಪಾತಿ, ಕೋಳಿ ಸುಕ್ಕ ಕಟ್ಟಿಕೊಂಡಿದ್ದೆ. ಇಳಿಜಾರಿನ ಒಂದು ಮರದ ಕೆಳಗೆ ಚಾಪೆ ಹಾಸಿದೆವು. ಕೂತ ಸ್ವಲ್ಪ ಹೊತ್ತಿಗೆ ಚಾಪೆ ತೊಯ್ದಿತು, ಚಪಾತಿಯ ಮೇಲೆ ಟಪಟಪ ಹನಿ ಬಿತ್ತು. ಪ್ರವೀಣ ಡಬ್ಬಿ ಎತ್ತಿಕೊಂಡು ಬಯಲಿಗೆ ಓಡಿದ. ಬಯಲಿನಲ್ಲಿ ಹನಿಯೇ ಇಲ್ಲ. ನಿಧಿ ಮರದ ಕೆಳಗೆ ಒಮ್ಮೆ, ಹೊರಗೆ ಒಮ್ಮೆ ನಿಂತು ನೋಡಿದಳು.

"ಅಮ್ಮ, ವೈ ಈಸ್ ಇಟ್ ರೇನಿಂಗ್ ಓನ್ಲಿ ಅಂಡರ್ ದ ಟ್ರೀ?"

ಗೊತ್ತಿದ್ದಷ್ಟು ಹೇಳಿದೆ. ಸಮುದ್ರದಿಂದ ಬರುವ ಮಂಜು ಎಲೆಗೆ ತಾಗಿ ನೀರಾಗುತ್ತದೆ, ಎಲೆಯಿಂದ ಹನಿಯಾಗಿ ಇಳಿಯುತ್ತದೆ, ಮರ ತನ್ನ ಮಳೆಯನ್ನು ತಾನೇ ಮಾಡಿಕೊಳ್ಳುತ್ತದೆ. ಹಾಗಾದರೆ ಎಷ್ಟು ನೀರು ಬರುತ್ತದೆ ಎಂದು ಅವಳು ಕೇಳಿದಳು. ಎಲ್ಲ ಮರಕ್ಕೂ ಒಂದೇ ಸಮ ಬರುತ್ತದಾ ಎಂದೂ ಕೇಳಿದಳು. ನನಗೆ ಗೊತ್ತಿರಲಿಲ್ಲ. ತಲೆಯೆತ್ತಿ ನೋಡಿದೆ. ನಮ್ಮ ದಿಂಡಿಗ ಮರದ ಹತ್ತಿರದ ಸಂಬಂಧಿ ಅದು, ಈ ಗುಡ್ಡಗಳನ್ನು ಬಿಟ್ಟು ಬೇರೆ ಕಡೆ ಬಹಳ ಇಲ್ಲ. ಎಂಟು ಖರೀಫ್‌ಗಳಲ್ಲಿ ಎಂಟು ಸಲ ಇಂಥ ಮರದ ಕೆಳಗೆ ಊಟ ಮಾಡಿದ್ದೆ.

ಆ ಸಂಜೆಯೇ ಪ್ರವೀಣನಿಗೆ, ಈ ಸಲ ನಾನು ಊರಿಗೆ ಬರುವುದಿಲ್ಲ ಎಂದೆ. ಅವನು ಏನು ಕಾರಣ ಎಂದು ಕೇಳಿದ. ಮಂಜು ಅಳೆಯಬೇಕು ಎಂದೆ. ಅವನು, ಅಮ್ಮನಿಗೆ ಇದನ್ನು ನೀನೇ ಹೇಳಬೇಕು, ನನ್ನಿಂದಾಗದು ಎಂದ. ಅತ್ತೆಗೆ ಫೋನಿನಲ್ಲಿ ಹೇಳಿದೆ. ಅವರು ಆಮೇಲೆ ದೀಪಾವಳಿಯವರೆಗೆ ನನ್ನ ಹತ್ತಿರ ಬರೀ ಹವಾಮಾನದ ಮಾತಾಡಿದರು. ಒಕ್ಕಲಿಗೆ ಪ್ರವೀಣನೊಬ್ಬನೇ ಹೋಗಿ ಬಂದ. ನಿಧಿ ನನ್ನ ಜೊತೆ ಉಳಿದಳು.

ಕೆಲಸ ಶುರುವಾಯಿತು. ನೀರಿನ ದೊಡ್ಡ ಕ್ಯಾನುಗಳಿಗೆ ಅಡುಗೆಮನೆಯ ಆಲಿಕೆ ಸಿಕ್ಕಿಸಿ ಕೆಲವನ್ನು ಮರದ ಕೆಳಗೆ, ಕೆಲವನ್ನು ಬಯಲಿನಲ್ಲಿ ಇಟ್ಟೆ. ಪ್ರತಿ ಬೆಳಿಗ್ಗೆ ಹೋಗಿ ಅಳೆದು ಖಾಲಿ ಮಾಡಬೇಕು. ಕೆಸರು ಎಣ್ಣೆ ಹಚ್ಚಿದ ಹಾಗೆ ಜಾರುತ್ತಿತ್ತು. ಕಚ್ಚುವ ನೊಣಗಳು ಬೇರೆ. ಕನ್ನಡಕ ಒರೆಸಿ ಮುಗಿಯುವ ಮೊದಲೇ ಮತ್ತೆ ಮಸುಕು. ನಿಧಿ ಎರಡೇ ವಾರಕ್ಕೆ ಸೋತು ಜೆಸಿಂತಾಳ ಮನೆಯ ಟಿವಿಗೆ ಶರಣಾದಳು. ಮತ್ತೊಂದು ವಾರಕ್ಕೆ ಒಂಟೆಗಳು ಬಂದವು. ಮೇಲಿನ ಗುಡ್ಡ ಜಾರುತ್ತದೆಂದು ಖರೀಫಿನಲ್ಲಿ ಅವುಗಳನ್ನು ಕೆಳಕ್ಕೆ ಹೊಡೆದುಕೊಂಡು ಬರುತ್ತಾರೆ. ನನ್ನ ಕ್ಯಾನುಗಳನ್ನು ಅವು ಉರುಳಿಸಿದವು, ಮೆಟ್ಟಿದವು, ಒಂದು ಆಲಿಕೆಯನ್ನು ಅಗಿದೂ ನೋಡಿದವು. ಆ ಬೆಳಿಗ್ಗೆ ನಾನು ಕೆಸರಿನಲ್ಲಿ ಕೂತುಬಿಟ್ಟೆ. ಊರಿನಲ್ಲಿ ಒಕ್ಕಲಿನ ಊಟ ನಡೆಯುತ್ತಿತ್ತು. ಇಲ್ಲಿ ನಾನು ಮುರಿದ ಪ್ಲಾಸ್ಟಿಕ್ ಹೆಕ್ಕುತ್ತಿದ್ದೆ.

ಒಂಟೆಗಳ ಒಡತಿ ಉಮ್ ಸಾಲಿಂ. ಗುಡ್ಡದ ಕುಟುಂಬದ ಹಿರಿಯ ಹೆಂಗಸು, ಮೇವಿನ ಆ ಜಾಗವೂ ಅವರ ಮನೆತನದ್ದೇ. ಪ್ರವೀಣ ಮರಳಿದ ಮೇಲೆ ಅವನನ್ನು ಕರೆದುಕೊಂಡು ಹೋಗಿ, ಅವನ ಬಂದರಿನ ಅರಬ್ಬಿಯಲ್ಲಿ ಅನುಮತಿ ಕೇಳಿದೆ. ಮೊದಲೇ ಕೇಳಬೇಕಿತ್ತು ಎಂದು ಅವರು ಹೇಳಿದರು, ಅದು ನ್ಯಾಯವೇ. ಮಂಜನ್ನು ಅಳೆದು ಯಾರಿಗೆ ಕೊಡುತ್ತೀ ಎಂದು ಕೇಳಿದರು. ಇನ್ನೂ ಗೊತ್ತಿಲ್ಲ ಎಂದೆ. ಅವರು ಮುಖಪರದೆಯ ಹಿಂದೆ ನಕ್ಕದ್ದು ಕಣ್ಣಿನಲ್ಲಿ ಕಂಡಿತು. ಅಳೆದುಕೋ, ಆದರೆ ದಾರಿ ನನ್ನ ಒಂಟೆಗಳದ್ದು ಎಂದರು. ನಾನು ಕ್ಯಾನುಗಳನ್ನು ಕಲ್ಲಿನ ನಡುವೆ ಹೂತು ಮತ್ತೆ ಮೊದಲಿನಿಂದ ಶುರುಮಾಡಿದೆ.

ಮಂಜು ದಟ್ಟವಾದ ಆ ವಾರಗಳಲ್ಲಿ ನನಗೊಂದು ಸಂಗತಿ ಕಾಣತೊಡಗಿತು. ಒಂಟೆಗಳು ಕುತ್ತಿಗೆ ಚಾಚಿ ಎಟುಕಿದಷ್ಟೂ ಎಲೆ ತಿಂದ ಮರಗಳ ಕೆಳಗೆ ನೀರು ಕಡಿಮೆ. ಕಡಿದಾದ ಬಂಡೆಯ ಸಂದಿಯಲ್ಲಿ, ಅವು ಹೋಗಲಾಗದ ಕಡೆ ಕೊಂಬೆಯೆಲ್ಲ ಉಳಿದ ಮರದ ಕೆಳಗೆ ಕ್ಯಾನು ತುಂಬಿ ಹೊರಗೆ ಚೆಲ್ಲುತ್ತಿತ್ತು. ಗಾಳಿಯ ದಿಕ್ಕಿನದೇನಾದರೂ ಕರಾಮತ್ತು ಇರಬಹುದೆಂದು ಕ್ಯಾನುಗಳ ಜಾಗ ಬದಲಿಸಿದೆ, ಮರಗಳನ್ನು ಬದಲಿಸಿದೆ. ಮತ್ತೆ ಮತ್ತೆ ಅದೇ ಬಂತು. ಇದನ್ನು ಉಮ್ ಸಾಲಿಂಗೆ ಹೇಳದೆ ಇರುವುದು ಸರಿಯಲ್ಲ ಅನ್ನಿಸಿತು. ಹೇಳಿದರೆ ಓಡಿಸಿಯಾರು ಎಂಬ ಹೆದರಿಕೆಯೂ ಇತ್ತು. ಕೊನೆಗೆ ಎರಡು ಮರಗಳ ನೀರನ್ನು ಎರಡು ಬಾಟಲಿಯಲ್ಲಿ ಹಿಡಿದುಕೊಂಡು ಹೋಗಿ ಅವರ ಮುಂದಿಟ್ಟೆ. ಪ್ರವೀಣ ತಡವರಿಸುತ್ತ ವಿವರಿಸಿದ.

ನನ್ನ ಒಂಟೆಗಳು ಮಂಜನ್ನು ಕುಡಿಯುತ್ತವೆ ಅನ್ನುತ್ತೀಯಾ ಎಂದು ಅವರು ಕೇಳಿದರು. ದನಿ ಗಡುಸಾಗಿತ್ತು. ಎಲೆ ತಿನ್ನುತ್ತವೆ, ಎಲೆ ಇಲ್ಲದಿದ್ದರೆ ಮಂಜು ನಿಲ್ಲುವುದಿಲ್ಲ ಎಂದೆ. ಅವರು ಎರಡೂ ಬಾಟಲಿಗಳನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ನನ್ನ ಒಂಟೆಗಳೂ ಬದುಕಬೇಕಲ್ಲ ಎಂದರು ಆಮೇಲೆ. ಹೌದು, ಬದುಕಬೇಕು ಎಂದೆ. ಮರುದಿನ ಹೋದಾಗ ಒಂದು ಸಣ್ಣ ಗುಂಪು ಮರಗಳ ಸುತ್ತ ಮುಳ್ಳಿನ ಬೇಲಿ ಎದ್ದಿತ್ತು. ಅದನ್ನು ಅವರು ತಮಗಾಗಿ ಕಟ್ಟಿಸಿದರೋ ನನಗಾಗಿಯೋ, ನಾನು ಕೇಳಲಿಲ್ಲ.

ಇದರ ನಡುವೆ ನಾನು ಓದುತ್ತಲೂ ಇದ್ದೆ. ಮಂಜಿನಿಂದ ಬದುಕುವ ಒಣನಾಡಿನ ಕಾಡುಗಳ ಬಗ್ಗೆ ಜಗತ್ತಿನಲ್ಲಿ ಯಾರು ಯಾರು ಬರೆದಿದ್ದಾರೆ ಎಂದು ಹುಡುಕಿದಾಗ, ಜರ್ಮನಿಯ ಒಂದು ಸಂಸ್ಥೆಯ ಗುಂಪಿನ ಹೆಸರು ಮತ್ತೆ ಮತ್ತೆ ಬಂತು. ಅವರ ಪ್ರಬಂಧಗಳನ್ನೆಲ್ಲ ಓದಿದೆ. ಆ ಗುಂಪಿನ ಮುಖ್ಯಸ್ಥೆಗೆ ಒಂದು ಸಣ್ಣ ಇಮೇಲ್ ಬರೆದೆ. ಕೆಲಸ ಕೇಳಲಿಲ್ಲ, ಒಂದು ಪ್ರಶ್ನೆ ಮಾತ್ರ ಕೇಳಿದೆ: ಪ್ರಾಣಿಗಳು ಮೇಯ್ದ ಮರದ ಹನಿಯನ್ನು ನೀವು ಬೇರೆಯಾಗಿ ಅಳೆದಿದ್ದೀರಾ? ಅದುವರೆಗೆ ವಾರಗಟ್ಟಲೆ ಕಾದರೆ ಬರುತ್ತಿದ್ದ ಉತ್ತರ ಈ ಸಲ ಮರುದಿನವೇ ಬಂತು. ಇಲ್ಲ, ಅಳೆದಿಲ್ಲ, ನೀವು ಅಳೆದಿದ್ದೀರಾ? ಕೆಳಗೆ ಇನ್ನೊಂದು ಸಾಲಿತ್ತು. ನಮ್ಮಲ್ಲಿ ಒಂದು ಹುದ್ದೆ ತೆರೆಯುತ್ತಿದೆ, ನಮ್ಮ ಪುಟದಲ್ಲಿ ಬರುತ್ತದೆ, ನೋಡಿ.

ಅರ್ಜಿಯ ಪತ್ರವನ್ನು ಹೊಸದಾಗಿ ಬರೆದೆ. ಮಳೆ ಸುರಿಸುವ ಮರವೊಂದರ ಕೆಳಗೆ ಕೂತು ಇದನ್ನು ಬರೆಯುತ್ತಿದ್ದೇನೆ ಎಂದು ಶುರುವಾಗಿತ್ತು. ಜೆಸಿಂತಾ ಆ ಸಾಲನ್ನು ಹೊಡೆದುಹಾಕಿಸಿದಳು. ಕವನ ಬೇಡ, ಅಳೆದದ್ದು ಹೇಳು ಎಂದಳು. ಎಂಟು ವರ್ಷದ ಖಾಲಿ ಜಾಗವನ್ನು ಹೇಗೆ ಮುಚ್ಚುವುದು ಎಂದು ನಾನು ಕೇಳಿದಾಗ, ಮುಚ್ಚಬೇಡ ಎಂದಳು. ಹಾಗಾಗಿ ಟೀಚರ್ ಆಗಿದ್ದೆ ಎಂದು ನೇರವಾಗಿ ಬರೆದೆ. ಏನು ಅಳೆದೆ, ಎಲ್ಲಿ ತಪ್ಪಿದೆ, ಒಂಟೆ ಉರುಳಿಸಿದ ಮೇಲೆ ಏನು ಬದಲಿಸಿದೆ, ಇನ್ನು ಏನು ತಿಳಿಯಬೇಕು, ಅಷ್ಟೇ.

ಇಂಟರ್‌ವ್ಯೂಗೆ ಕರೆ ಬಂದಾಗ ಶಾಲೆ ಮತ್ತೆ ಶುರುವಾಗಿತ್ತು. ಆ ದಿನ ರಜೆ ಹಾಕಿ, ಸೀರೆ ಉಟ್ಟು, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಹಿಂದೆ ಬಟ್ಟೆ ಒಣಗುವ ಸ್ಟ್ಯಾಂಡ್ ಕಾಣದ ಹಾಗೆ ಪರದೆ ಕಟ್ಟಿ ಸಿದ್ಧಳಾದೆ. ಆಗ ಮನೆಯ ಇಂಟರ್ನೆಟ್ ಹೋಯಿತು. ತೇವಕ್ಕೆ ಬೀದಿಯ ಕೇಬಲ್ ಕೆಟ್ಟಿತ್ತು. ಮೊಬೈಲಿನಲ್ಲಿ ಚಕ್ರ ತಿರುಗುತ್ತಲೇ ಇತ್ತು, ಪ್ರವಾಸಿಗಳೆಲ್ಲ ಊರಲ್ಲಿ ತುಂಬಿದ್ದರು. ಪ್ರವೀಣ ಕಾರಿನ ಕೀ ತೆಗೆದುಕೊಂಡ.

"ನಿನ್ನ ಮರದ ಹತ್ರ ಟವರ್ ಉಂಟಲ್ವಾ? ಯಲ್ಲಾ, ಹೊರಡು."

ಗುಡ್ಡದ ದಾರಿಯಲ್ಲಿ ಮುಂದಿನ ಗಾಡಿಯ ಕೆಂಪು ದೀಪ ಮಾತ್ರ ಕಾಣುತ್ತಿತ್ತು. ಟವರಿನ ಕೆಳಗಿನ ತಿರುವಿನಲ್ಲಿ ಕಾರು ನಿಲ್ಲಿಸಿ, ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ತಾನು ಕೊಡೆ ಹಿಡಿದು ದೂರ ಹೋಗಿ ನಿಂತ. ಮಡಿಲಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿದೆ. ಪರದೆಯಲ್ಲಿ ನಾಲ್ಕು ಮುಖಗಳು ಮೂಡಿದವು. ಮುಖ್ಯಸ್ಥೆ, ಒಬ್ಬ ಹಿರಿಯ ಪ್ರೊಫೆಸರ್, ಆಡಳಿತದ ಹೆಂಗಸು, ಎಲ್ಲರಿಗೂ ಸಮಾನ ಅವಕಾಶ ಸಿಗುತ್ತಿದೆಯೇ ಎಂದು ನೋಡಲು ಕೂತ ಇನ್ನೊಬ್ಬರು. ಮನೆಯ ಇಂಟರ್ನೆಟ್ ಕೆಟ್ಟಿದ್ದರಿಂದ ಕಾರಿನಿಂದ ಮಾತಾಡುತ್ತಿದ್ದೇನೆ ಎಂದು ಹೇಳಿ ನನ್ನ ಕೆಲಸ ವಿವರಿಸಿದೆ. ಕ್ಯಾನುಗಳ ಚಿತ್ರ ಬಂದ ಮೇಲೆ ಮಾತು ಸರಾಗವಾಯಿತು. ಅಲ್ಲಿಂದ ಮುಂದೆ ನಾನು ಪರೀಕ್ಷೆಗೆ ಕೂತವಳಾಗಿರಲಿಲ್ಲ, ಕಂಡದ್ದನ್ನು ಹೇಳುವವಳಾಗಿದ್ದೆ.

ಹಿರಿಯ ಪ್ರೊಫೆಸರ್ ಕನ್ನಡಕ ತೆಗೆದರು. ಎಂಟು ವರ್ಷ ನೀವು ಒಂದು ಪ್ರಬಂಧವನ್ನೂ ಪ್ರಕಟಿಸಿಲ್ಲ, ಮರಳಿ ಬರಲು ಸಾಧ್ಯ ಎಂದು ನಾವು ಯಾಕೆ ನಂಬಬೇಕು ಎಂದು ಕೇಳಿದರು. ಕಟುವಾಗಿಯೇನೂ ಅಲ್ಲ, ತಿಳಿದುಕೊಳ್ಳಲೆಂದೇ ಕೇಳಿದರು. ನಾನು ಬಾಯಿಪಾಠ ಮಾಡಿಟ್ಟ ಉತ್ತರವೊಂದಿತ್ತು. ಅದನ್ನು ಬದಿಗಿಟ್ಟೆ.

"ಎಂಟು ವರ್ಷ ನಾನು ಮಕ್ಕಳ ಪ್ರಶ್ನೆಗಳಿಗೆ ಉತ್ತರ ಕೊಟ್ಟಿದ್ದೇನೆ, ಸರ್. ಈ ವರ್ಷ ನನ್ನ ಮಗಳು ಕೇಳಿದ್ದಕ್ಕೆ ಉತ್ತರ ಇರಲಿಲ್ಲ. ಯಾರೂ ಹೇಳದೆ, ಯಾರೂ ಕೊಡದೆ ನಾನು ಹುಡುಕಲಿಕ್ಕೆ ಹೊರಟೆ. ನೀವು ಈ ಕೆಲಸ ನನಗೆ ಕೊಡದಿದ್ದರೂ ನಾಳೆ ಬೆಳಿಗ್ಗೆ ಹೋಗಿ ಅಳೆಯುತ್ತೇನೆ. ಮರಳಿ ಬರುವುದು ಇನ್ನು ಬಾಕಿ ಇಲ್ಲ, ಬಂದಾಗಿದೆ."

ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು ನೇರವಾಗಿತ್ತೋ ಇಲ್ಲವೋ, ಅರ್ಥ ಇದೇ. ಅವರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಕಾರು ಒಮ್ಮೆ ಅಲುಗಿತು. ಮತ್ತೆ ಅಲುಗಿತು. ನನ್ನ ಮುಖ ಪರದೆಯಲ್ಲಿ ತೊಟ್ಟಿಲಿನ ಹಾಗೆ ತೂಗಿತು. ಆಡಳಿತದ ಹೆಂಗಸು ಭೂಕಂಪವೇ ಎಂದು ಗಾಬರಿಯಾದರು. ತಿರುಗಿ ನೋಡಿದರೆ ಮಂಜಿನೊಳಗಿಂದ ಬಂದ ಒಂದು ಒಂಟೆ ಕಾರಿಗೆ ಮೈ ಉಜ್ಜುತ್ತಿತ್ತು. ಪ್ರವೀಣ ಕೊಡೆ ಬೀಸುತ್ತ ಓಡಿ ಬರುತ್ತಿದ್ದ. ಬೇರೆ ದಾರಿಯಿಲ್ಲದೆ ನಾನು ಲ್ಯಾಪ್‌ಟಾಪನ್ನು ಕಿಟಕಿಗೆ ತಿರುಗಿಸಿದೆ.

ಇದು ನಿಮ್ಮ ಅಂಕಿಅಂಶದಲ್ಲಿರುವ ಪ್ರಾಣಿಯೇ ಎಂದು ಪ್ರೊಫೆಸರ್ ಕೇಳಿದರು. ಹೌದು, ಮೂರನೆಯ ಮರವನ್ನು ಇದೇ ಬೋಳಿಸಿದ್ದು ಎಂದೆ. ಮೊದಲು ನಕ್ಕವರು ಅವರೇ. ಆಮೇಲೆ ನಾಲ್ವರೂ ನಕ್ಕರು, ನಾನೂ ನಕ್ಕೆ. ಮಾತು ಮುಗಿಯಬೇಕಾದ ಹೊತ್ತು ಮೀರಿ ಬಹಳ ಮುಂದೆ ಹೋಯಿತು. ಕೊನೆಯಲ್ಲಿ ಅವರು ಎಲೆಯ ಅಂಚು, ಗಾಳಿಯ ವೇಗ, ಬೇರಿನ ಆಳ ಎಂದು ನನ್ನ ಹತ್ತಿರ ವಾದಕ್ಕಿಳಿದಿದ್ದರು, ನಾನು ಆಗಲೇ ಅವರಲ್ಲೊಬ್ಬಳು ಎನ್ನುವ ಹಾಗೆ.

ಸೆಪ್ಟೆಂಬರಿನಲ್ಲಿ, ಶಾಲೆಯ ಊಟದ ಬಿಡುವಿನಲ್ಲಿ ಫೋನ್ ಬಂತು. ಮುಖ್ಯಸ್ಥೆಯೇ ಮಾತಾಡಿದರು. ಕಾಗದ ಆಮೇಲೆ ಬರುತ್ತದೆ, ಆದರೆ ನಾನೇ ಹೇಳಬೇಕೆಂದು ಫೋನ್ ಮಾಡಿದೆ, ನೀವು ಬರುತ್ತೀರಾ ಎಂದರು. ಬರುತ್ತೇನೆ ಎಂದೆ. ಫೋನ್ ಇಟ್ಟು ಬಯಾಲಜಿ ಲ್ಯಾಬಿಗೆ ಹೋಗಿ ಬಾಗಿಲು ಹಾಕಿಕೊಂಡು, ಪ್ಲಾಸ್ಟಿಕ್ ಅಸ್ಥಿಪಂಜರದ ಮುಂದೆ ನಿಂತು ಅತ್ತೆ. ಮುಖ ತೊಳೆದು ಒಂಬತ್ತನೇ ಕ್ಲಾಸಿಗೆ ಹೋಗಿ ಪಾಠ ಮಾಡಿದೆ. ಅವತ್ತು ಬೋರ್ಡಿನ ಮೇಲಿನ ಕಾಂಡ ಎಂದಿಗಿಂತ ಎತ್ತರವಾಯಿತು ಎಂದು ಮಕ್ಕಳು ನಕ್ಕರು.

ಸಂಜೆ ಪ್ರವೀಣನಿಗೆ ಹೇಳಿದೆ. ಹನ್ನೊಂದು ವರ್ಷದ ಮಗಳ ಶಾಲೆ, ಅವನ ಕೆಲಸ, ವೀಸಾ ಕೊಡಿಸಿದ ಕಫೀಲ್, ಎಲ್ಲವೂ ಅವನ ಮುಖದ ಮೇಲೆ ಹಾದುಹೋದವು. ನಾನು ಒಬ್ಬಳೇ ಹೋಗಿ ಬರುತ್ತೇನೆ ಎಂದು ಹೇಳಲು ಹೊರಟಿದ್ದೆ, ನಿಜವಾಗಿಯೂ.

"ನೀನು ನನ್ನ ಹಿಂದೆ ಬಂದದ್ದಲ್ವಾ? ಈ ಕಾಂಟ್ರಾಕ್ಟ್ ಮುಗಿಯಲಿ, ಖಲಾಸ್. ಈಗ ನಾನು ನಿನ್ನ ಹಿಂದೆ ಬರ್ತೇನೆ. ಹಡಗು ಅಲ್ಲಿಯೂ ಉಂಟು," ಎಂದ.

ಖರೀಫ್ ಮುಗಿಯುವ ದಿನಗಳಲ್ಲಿ ಸಲಾಲಾ ನೋಡಬೇಕು. ಮಂಜು ಹರಿದು ಬಿಸಿಲು ಬಿದ್ದಾಗ ಗುಡ್ಡಗಳೆಲ್ಲ ಒಮ್ಮೆಗೇ ಹಸಿರಾಗಿ ಎದ್ದು ನಿಲ್ಲುತ್ತವೆ. ಅಂಥದೊಂದು ಶುಕ್ರವಾರ ಕ್ಯಾನುಗಳನ್ನು ಕಿತ್ತು ತರಲು ನಾವು ಮೂವರೂ ಜೆಸಿಂತಾಳೂ ಹೋದೆವು. ಅವಳಿಗೂ ಅಲ್ಲಿಯ ಆಸ್ಪತ್ರೆಯ ಕಾಗದ ಬಂದಿತ್ತು. ದಾರಿಯುದ್ದಕ್ಕೂ ಅವಳು ನನಗೆ ಜರ್ಮನ್ ಕಲಿಸಿದಳು. ನನ್ನ ಹೊಸ ಕೆಲಸದ ಹೆಸರು ಅವರ ಭಾಷೆಯಲ್ಲಿ ವಿಸ್ಸೆನ್‌ಶಾಫ್ಟ್‌ಲರಿನ್, ಅಂದರೆ ವಿಜ್ಞಾನಿ, ಹೆಣ್ಣು ವಿಜ್ಞಾನಿ. ನನ್ನ ನಾಲಿಗೆ ನಡುವೆಯೇ ಮುಗ್ಗರಿಸುತ್ತಿತ್ತು. ನಿಧಿ ಮೊದಲ ಸಲಕ್ಕೇ ಹೇಳಿದಳು.

ಉಮ್ ಸಾಲಿಂ ಬಂಡೆಯ ಮೇಲೆ ಕೂತಿದ್ದರು. ಈ ಹೆಂಗಸರು ಏನು ಜಪ ಮಾಡುತ್ತಿದ್ದಾರೆ ಎಂದು ಪ್ರವೀಣನನ್ನು ಕೇಳಿದರು. ನನಗೆ ದೂರದ ದೇಶದಲ್ಲಿ ಕೆಲಸ ಸಿಕ್ಕಿದ್ದನ್ನು, ಅದು ಇಲ್ಲಿ ಅಳೆದ ನೀರಿನಿಂದಲೇ ಸಿಕ್ಕಿದ್ದನ್ನು ಅವನು ಹೇಳಿದ. ವಿಜ್ಞಾನಿ ಎನ್ನಲು ಅವನ ಅರಬ್ಬಿಯಲ್ಲಿ ಪದ ಸಿಗದೆ ದುಕ್ತೂರಾ ಎಂದ. ಅವರು ತಕ್ಷಣ ಕಾಲು ಮುಂದೆ ಚಾಚಿ, ಈ ಮಂಡಿಯನ್ನು ನೋಡು, ಚಳಿಗಾಲದಿಂದ ನೋಯುತ್ತಿದೆ ಎಂದರು. ನಾವೆಲ್ಲ ನಕ್ಕೆವು. ಜೆಸಿಂತಾ ಚಪ್ಪಲಿ ಬಿಟ್ಟು ಅವರ ಪಕ್ಕ ಕೂತು, ಮಂಡಿಯನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಮಡಿಸಿ ನೋಡಿದಳು. ನಾನು ಮನುಷ್ಯರ ಡಾಕ್ಟರಲ್ಲ, ಮರಗಳ ಡಾಕ್ಟರ್ ಎಂದು ಪ್ರವೀಣನ ಬಾಯಲ್ಲಿ ಹೇಳಿಸಿದೆ.

ಉಮ್ ಸಾಲಿಂ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಮರಗಳಿಗೆ ಡಾಕ್ಟರ್ ಬೇಕಾಗಿಯೇ ಇತ್ತು ಎಂದರು. ಮುಂದಿನ ಖರೀಫಿಗೆ ಬಾ, ತಡ ಮಾಡಬೇಡ, ಮಂಜು ಯಾರಿಗೂ ಕಾಯುವುದಿಲ್ಲ ಎಂದರು.

ಮುಂದಿನ ಖರೀಫಿನ ಮೊದಲ ಮಂಜು ಗುಡ್ಡಕ್ಕೆ ತಾಗಿದ ಬೆಳಿಗ್ಗೆ ನಾನು ಅಲ್ಲಿದ್ದೆ, ಒಂದು ಲಾರಿ ತುಂಬ ಉಪಕರಣಗಳೊಂದಿಗೆ.